ಎಲೆಕ್ಟ್ರಿಕ್ ಗಿಟಾರಿಗೆ ಕಂಪ್ರೆಸರ್ ಪೆಡಲ್: ಯಾವುದು ತಗೊಳ್ಳಲಿ, ಹೇಗೆ ಸೆಟ್ ಮಾಡಲಿ? ಬಳಸಿದವರು ಹೇಳಿ

ಪ್ರಶ್ನೆ (ಬಳ್ಳಾರಿ)

ನಮಸ್ಕಾರ. ಕೌಲ್ ಬಜಾರ್ ಕಡೆಯ ಒಂದು ಮೆಲೊಡಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನ ಹತ್ತಿರ ಇರುವುದು ಸ್ಟ್ರ್ಯಾಟ್ ಮಾದರಿಯ ಗಿಟಾರ್, ಒಂದು ಓವರ್‌ಡ್ರೈವ್ (ಸದ್ದನ್ನು ಒರಟಾಗಿಸುವ ಪೆಡಲ್), ಒಂದು ಡಿಲೇ (ಮಾರುದನಿ ಕೊಡುವ ಪೆಡಲ್). ಕ್ಲೀನ್ ಟೋನಿನಲ್ಲಿ ಒಂದೊಂದೇ ತಂತಿ ಬಿಡಿಸಿ ನುಡಿಸುವಾಗ ಒಂದು ಸ್ವರ ಜೋರಾಗಿ ಬರುತ್ತದೆ, ಇನ್ನೊಂದು ಕೀಬೋರ್ಡ್, ರಿದಂ ಪ್ಯಾಡ್ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ಸೋಲೊ ಬಂದಾಗ ಸ್ವರ ಹೆಚ್ಚು ಹೊತ್ತು ಉಳಿಯುವುದೇ ಇಲ್ಲ. ಸದ್ದಿನ ಏರುಪೇರು ಸಮ ಮಾಡುವ ಕಂಪ್ರೆಸರ್ ಹಾಕು ಅಂತ ಎಲ್ಲರೂ ಹೇಳುತ್ತಾರೆ, ಯಾವುದು ಅಂತ ಯಾರೂ ಹೇಳುವುದಿಲ್ಲ. ನಮ್ಮೂರಲ್ಲಿ ನುಡಿಸಿ ನೋಡಿ ಕೊಳ್ಳುವಷ್ಟು ಪೆಡಲ್ ಇಟ್ಟಿರುವ ಅಂಗಡಿ ನನಗೆ ಸಿಕ್ಕಿಲ್ಲ, ತರಿಸಿಕೊಂಡೇ ನೋಡಬೇಕು. ಬಜೆಟ್ ದೊಡ್ಡದಲ್ಲ.

ಬಳ್ಳಾರಿಯ ಇನ್ನೊಬ್ಬ ಗಿಟಾರಿಸ್ಟ್

ಪೆಡಲ್‌ಗೆ ದುಡ್ಡು ಹಾಕುವ ಮುಂಚೆ ನಿಮ್ಮ ಗಿಟಾರಿನ ಮೂರನೇ ತಂತಿ ನೋಡಿ. ಸ್ಟ್ರ್ಯಾಟ್ ಮಾದರಿಯ ಎಷ್ಟೋ ಪಿಕಪ್‌ಗಳಲ್ಲಿ (ತಂತಿಯ ಕಂಪನ ಹಿಡಿಯುವ ಭಾಗ) ಆರು ಅಯಸ್ಕಾಂತದ ಕಡ್ಡಿಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ಮೂರನೇ ತಂತಿಗೂ ಸುತ್ತು ಇರುತ್ತಿದ್ದ ಕಾಲದ ಅಳತೆ ಅದು. ಈಗ ನಾವೆಲ್ಲ ಹಾಕುವುದು ಸುತ್ತಿಲ್ಲದ ತಂತಿ, ಹಾಗಾಗಿ ಅದೊಂದೇ ಎದ್ದು ಕೂಗುತ್ತದೆ. ಪಿಕಪ್ಪಿನ ಎರಡು ತುದಿಯ ಸ್ಕ್ರೂ ಬಿಟ್ಟು ಕೊಂಚ ಕೆಳಗಿಳಿಸಿ ನುಡಿಸಿ ನೋಡಿ. ಪೂರ್ತಿ ಹೋಗುವುದಿಲ್ಲ, ಆದರೆ ತಗ್ಗುತ್ತದೆ. ಉಳಿದ ಏರುಪೇರು ಕಂಪ್ರೆಸರಿನ ಪಾಲು.

ಅದು ಮಾಡುವ ಕೆಲಸ ಸರಳ. ಒಂದು ಮಿತಿ ದಾಟಿದ ಸದ್ದನ್ನು ತಗ್ಗಿಸುತ್ತದೆ, ಆಮೇಲೆ ಒಟ್ಟು ಸದ್ದನ್ನು ಎತ್ತುತ್ತದೆ. ರೇಶಿಯೊ 4:1 ಅಂದರೆ ಮಿತಿಗಿಂತ 8 ಡೆಸಿಬಲ್ ಮೇಲೆ ಹೋದ ಸ್ವರ ಹೊರಗೆ ಬರುವಾಗ 2 ಡೆಸಿಬಲ್ ಮಾತ್ರ ಮೇಲಿರುತ್ತದೆ. ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ ಅನ್ನಿಸುವುದೂ ಇದರಿಂದಲೇ. ತಂತಿ ಮೊದಲಿನಷ್ಟೇ ಹೊತ್ತು ಕಂಪಿಸುತ್ತದೆ, ಆದರೆ ಮೀಟಿದ ಕ್ಷಣದ ಹೊಡೆತ ತಗ್ಗಿ, ಕೊನೆಯ ಎಳೆ ಕಿವಿಗೆ ಬೀಳುವಷ್ಟು ಮೇಲೆ ಬರುತ್ತದೆ. ಇದು ತಲೆಯಲ್ಲಿದ್ದರೆ ನಾಬ್ ತಿರುಗಿಸುವಾಗ ಗೊಂದಲ ಆಗುವುದಿಲ್ಲ.

ಪೆಡಲ್ ವಿಷಯಕ್ಕೆ ಬಂದರೆ, ಎಂಎಕ್ಸ್‌ಆರ್ ಡೈನಾ ಕಾಂಪ್ 1970ರ ದಶಕದ್ದು. ಔಟ್‌ಪುಟ್, ಸೆನ್ಸಿಟಿವಿಟಿ ಅಂತ ಎರಡೇ ನಾಬ್. ಪಿಕ್ ತಾಗಿದಾಗ ಟಕ್ ಅನ್ನುವ ಒಂದು ಗುರುತು ಅದಕ್ಕಿದೆ, ಕಟ್ ಕಟ್ ಅಂತ ರಿದಂ ಹೊಡೆಯುವವರಿಗೆ ಇಷ್ಟವಾಗುತ್ತದೆ. ಬಾಸ್ (BOSS) ಕಂಪನಿಯ ಸಿಎಸ್-3 ಬಂದಿದ್ದು 1986ರಲ್ಲಿ. ಲೆವೆಲ್, ಟೋನ್, ಅಟ್ಯಾಕ್, ಸಸ್ಟೇನ್ (ಎಷ್ಟು ಒತ್ತಬೇಕು ಅನ್ನುವುದು) ಅಂತ ನಾಲ್ಕು ನಾಬ್. ತಿದ್ದಿಕೊಳ್ಳಲು ಜಾಗ ಜಾಸ್ತಿ, ಆದರೆ ಸಸ್ಟೇನ್ ಮೇಲೆ ಹೋದಷ್ಟೂ ಹಿಸ್ ಸದ್ದೂ ಏರುತ್ತದೆ. ಬೆಹ್ರಿಂಗರ್ ಸಿಎಸ್400ರಲ್ಲೂ ಇವೇ ನಾಲ್ಕು ನಾಬ್, ಬೆಲೆ ಎಷ್ಟೋ ಕಡಿಮೆ. ಡಬ್ಬಿ ಪ್ಲಾಸ್ಟಿಕ್ಕಿನದು, ಸ್ಟೇಜಿನ ಮೇಲೆ ಜೋರಾಗಿ ತುಳಿಯುವ ಕಾಲಾದರೆ ಯೋಚಿಸಿ. ಜೋಯೊದ ಡೈನಾ ಕಂಪ್ರೆಸರ್‌ಗೆ ಲೋಹದ ಡಬ್ಬಿ, ಸಣ್ಣ ಬಜೆಟ್ಟಿಗೆ ನಾನು ಮೊದಲು ಹೇಳುವುದು ಅದನ್ನೇ. ಮುಂದೆ ಕೈಯಲ್ಲಿ ದುಡ್ಡು ಆಡಿದಾಗ ಬ್ಲೆಂಡ್ ನಾಬ್ ಇರುವುದಕ್ಕೆ ಹೋಗಿ. ಕೀಲಿ ಕಂಪ್ರೆಸರ್ ಪ್ಲಸ್, ವಾಂಪ್ಲರ್ ಈಗೊ, ಕ್ಸೋಟಿಕ್ ಎಸ್‌ಪಿ, ಮೂರರಲ್ಲೂ ಬ್ಲೆಂಡ್ ಇದೆ. ನಿಮ್ಮ ಬೆರಳಿನ ಮೂಲ ಸದ್ದು ಒಂದು ಕಡೆಯಿಂದ, ಕಂಪ್ರೆಸರ್ ಒತ್ತಿದ ಸದ್ದು ಇನ್ನೊಂದು ಕಡೆಯಿಂದ ಬಂದು ಬೆರೆಯುತ್ತದೆ. ಮೀಟಿನ ಜೀವ ಹೋಗುವುದಿಲ್ಲ, ಮೀಟಿದ ಮೇಲಿನ ಸ್ವರವೂ ತುಂಬಿ ನಿಲ್ಲುತ್ತದೆ. ಈ ಒಂದು ನಾಬಿಗೆ ನಾನು ಕೊಡುವ ಬೆಲೆ ಬೇರೆ ಯಾವುದಕ್ಕೂ ಕೊಡುವುದಿಲ್ಲ.

ಗಂಗಾವತಿ, ಸೌಂಡ್ ಸಿಸ್ಟಮ್ ನೋಡಿಕೊಳ್ಳುವವರು

ನಾ ಗಿಟಾರ್ ಬಾರ್ಸಂಗಿಲ್ರಿ, ಮಿಕ್ಸರ್ ಹತ್ರ ಕುಂದ್ರಾಂವ. ಆ ಕಡಿಂದ ಕಂಡಿದ್ದು ಹೇಳ್ತೀನಿ. ಕಂಪ್ರೆಸರ್ ಹಾಕಿದ ಗಿಟಾರಿಸ್ಟ್ ಹಾಡು ಮುಗಿಸಿ ಕೈ ತೆಗದ್ರ ಸಾಕು, ಪೆಡಲ್ ಸುಮ್ನ ಇರಂಗಿಲ್ಲ. ಸದ್ದಿಲ್ಲ ಅಂತ ಗೇನ್ (ಸದ್ದು ಹಿಗ್ಗಿಸೂ ಮಟ್ಟ) ಎತ್ತತೈತಿ, ಆವಾಗ ಹಮ್ (ಗುಯ್ಯ್ ಅನ್ನೂ ಸದ್ದು) ಕೇಳತೈತಿ, ಮಾನಿಟರ್ ಹತ್ರ ಇದ್ರ ಕೂಗು ಹೊಡಿತೈತಿ. ಹಾಡು ಹಾಡಿನ ನಡುವ ನಿರೂಪಕರು ಮಾತಾಡೂವಾಗ ಪೆಡಲ್ ಆಫ್ ಮಾಡ್ರಿ. ಗಿಟಾರಿನ ವಾಲ್ಯೂಮ್ ಅರ್ಧ ಇಳಿಸಿದ್ರ ನಡಿಯಂಗಿಲ್ಲ, ಇಳಿಸಿದ್ದನ್ನ ಕಂಪ್ರೆಸರ್ ಮತ್ತ ಎತ್ತಿ ಕೊಡತೈತಿ.

ಜಾತ್ರಿ ಸ್ಟೇಜಿಗೆ ಬಂದ್ರಂತೂ ಇನ್ನೊಂದು ಕಥಿ. ಜನರೇಟರ್, ಎಲ್ಇಡಿ ಪಾರ್ ಲೈಟು, ಡಿಮ್ಮರ್ ಎಲ್ಲಾ ಒಂದ ಲೈನಿನ್ಯಾಗ. ಸಿಂಗಲ್ ಕಾಯಿಲ್ (ಒಂದ ಸುರುಳಿಯ) ಪಿಕಪ್ ಆ ಗುಯ್ಯ್ ಸದ್ದನ್ನೆಲ್ಲಾ ಹಿಡಿತೈತಿ, ಕಂಪ್ರೆಸರ್ ಅದನ್ನ ದೊಡ್ಡದು ಮಾಡತೈತಿ. ಪೆಡಲಿಗೆ ಬ್ಯಾರೆ ಸ್ವಿಚ್‌ಬೋರ್ಡ್ ಕೇಳಿ ಇಸ್ಕೊಳ್ರಿ, ಲೈಟಿನ ಲೈನ್ ಬ್ಯಾಡ. ಒಂದ ಅಡಾಪ್ಟರಿನಿಂದ ಎಲ್ಲಾ ಪೆಡಲಿಗೂ ಸರಪಳಿ ಎಳೆಯೂದಕ್ಕಿಂತ ಐಸೊಲೇಟೆಡ್ ಸಪ್ಲೈ (ಪ್ರತಿ ಪೆಡಲಿಗೂ ಬ್ಯಾರೆ ಬ್ಯಾರೆ ಕರೆಂಟ್ ಕೊಡೂದು) ಚಲೋ. ಹಮ್ ಹೋಗ್ಲಿ ಅಂತ ಅರ್ಥಿಂಗ್ ಪಿನ್ ಮುರಿಯೂ ಮಂದಿನ್ನ ನೋಡೀನಿ. ದಯವಿಟ್ಟು ಆ ಕೆಲಸ ಮಾಡಬ್ಯಾಡ್ರಿ. ಕಬ್ಬಿಣದ ಸ್ಟೇಜು, ಬೆವರಿದ ಕೈ, ಬಾಯಿ ಹತ್ರ ಮೈಕು. ಜೀವ ಹೋಗೂ ವಿಷಯ ಅದು.

ಮತ್ತ ಒಂದ ಮಾತು. ಯಮಹಾ ಎಂಜಿ ಥರದ ಮಿಕ್ಸರಿನ್ಯಾಗ ಕೆಲವು ಚಾನೆಲ್ಲಿಗೆ ಒಂದು ನಾಬಿನ ಕಂಪ್ರೆಸರ್ ಇರತೈತಿ. ನೀವು ಪೆಡಲ್ ಹಾಕೀರಿ ಅಂತ ನಮಗ ಮೊದಲ ಹೇಳ್ರಿ, ನಾವು ಅದನ್ನ ತಗದಿಡ್ತೀವಿ. ಎರಡೂ ಕೂಡಿದ್ರ ಗಿಟಾರ್ ಚಪ್ಪಟಿ ಆಗಿ ಕೇಳತೈತಿ.

ರಾಯಚೂರು, ಚರ್ಚ್ ತಂಡದಲ್ಲಿ ನುಡಿಸುವವರು

ಮೇಲಿನವರು ಮಾಡೆಲ್ ಹೇಳಿದ್ದಾರೆ, ನಾನು ಸೆಟ್ ಮಾಡುವ ಕ್ರಮ ಹೇಳುತ್ತೇನೆ. ಓವರ್‌ಡ್ರೈವ್, ಡಿಲೇ ಎಲ್ಲ ಆಫ್. ಆಂಪ್ ಕ್ಲೀನ್. ಸಸ್ಟೇನ್ ಪೂರ್ತಿ ಕೆಳಗೆ, ಬ್ಲೆಂಡ್ ಇದ್ದರೆ ಪೂರ್ತಿ ಕಂಪ್ರೆಸರ್ ಕಡೆಗೆ. ಈಗ ತೆರೆದ ಜಿ ಕಾರ್ಡ್ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಹೊಡೆಯುತ್ತಾ ಸಸ್ಟೇನ್ ಏರಿಸುತ್ತಾ ಹೋಗಿ. ಎರಡರ ವ್ಯತ್ಯಾಸ ಪೂರ್ತಿ ಅಳಿಸಿಹೋಗುವ ಜಾಗ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಬನ್ನಿ, ಜೋರಾಗಿ ಹೊಡೆದದ್ದು ಜೋರಾಗಿಯೇ ಕೇಳಬೇಕು, ಕಿವಿಗೆ ಚುಚ್ಚಬಾರದು. ಆಮೇಲೆ ಲೆವೆಲ್. ಪೆಡಲ್ ಆನ್ ಮಾಡಿದಾಗ, ಆಫ್ ಮಾಡಿದಾಗ ಸದ್ದು ಒಂದೇ ಮಟ್ಟದಲ್ಲಿರಲಿ. ಇದನ್ನು ಬಿಡಬೇಡಿ. ಜೋರಾಗಿ ಕೇಳಿದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ, ಲೆವೆಲ್ ಸಮ ಇಲ್ಲದಿದ್ದರೆ ಪೆಡಲ್ ನಿಜವಾಗಿ ಒಳ್ಳೆಯದೋ ಅಲ್ಲವೋ ಗೊತ್ತೇ ಆಗುವುದಿಲ್ಲ.

ಅಟ್ಯಾಕ್ ನಾಬ್ ಕೊನೆಗೆ. ತಗ್ಗಿಸುವ ಕೆಲಸ ತಕ್ಷಣ ಶುರುವಾದರೆ ಮೀಟಿನ ಮೊನೆ ಮೊಂಡಾಗುತ್ತದೆ, ತಡವಾಗಿ ಶುರುವಾದರೆ ಮೀಟು ಸ್ಪಷ್ಟವಾಗಿ ಹಾದುಬಂದು ಆಮೇಲಿನ ಭಾಗ ಮಾತ್ರ ಸಮನಾಗುತ್ತದೆ. ಬಲಕ್ಕೆ ತಿರುಗಿಸಿದರೆ ವೇಗವೋ ನಿಧಾನವೋ ಅನ್ನುವುದು ಪೆಡಲಿಂದ ಪೆಡಲಿಗೆ ಬೇರೆ, ಹಾಗಾಗಿ ಕಿವಿಯನ್ನೇ ನಂಬಿ. ಚರ್ಚಿನ ನಿಧಾನದ ಹಾಡುಗಳಲ್ಲಿ ಡಿಲೇ ಜೊತೆ ನುಡಿಸುವಾಗ ನಾನು ಮೀಟು ಸ್ಪಷ್ಟ ಇಡುತ್ತೇನೆ, ಇಲ್ಲದಿದ್ದರೆ ಮಾರುದನಿಗಳೆಲ್ಲ ಕಲಸಿಹೋಗುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪಿಕಪ್ ಇಳಿಸಿದೆ, ಮೂರನೇ ತಂತಿ ನಿಜಕ್ಕೂ ಹದಕ್ಕೆ ಬಂತು. ಕಂಪ್ರೆಸರ್ ಇಡುವುದು ಓವರ್‌ಡ್ರೈವ್‌ಗಿಂತ ಮೊದಲೋ ಆಮೇಲೋ? ಗೆಳೆಯರೊಬ್ಬರು ಕೊನೆಯಲ್ಲಿ ಹಾಕು ಅನ್ನುತ್ತಾರೆ.

ಬಳ್ಳಾರಿಯ ಇನ್ನೊಬ್ಬ ಗಿಟಾರಿಸ್ಟ್

ಗಿಟಾರ್, ಟ್ಯೂನರ್, ಕಂಪ್ರೆಸರ್, ಓವರ್‌ಡ್ರೈವ್, ಡಿಲೇ. ಇದರಿಂದಲೇ ಶುರು ಮಾಡಿ. ಓವರ್‌ಡ್ರೈವ್ ತಾನೇ ಸದ್ದನ್ನು ಒತ್ತುತ್ತದೆ, ಅದಾದ ಮೇಲೆ ಕಂಪ್ರೆಸರ್ ಬಂದರೆ ಓವರ್‌ಡ್ರೈವಿನ ಗದ್ದಲವನ್ನೂ ಸೇರಿಸಿ ಎತ್ತುತ್ತದೆ. ಕೊನೆಯಲ್ಲಿ ಇಟ್ಟು ಒಟ್ಟು ಸದ್ದಿನ ಮಟ್ಟ ಹಿಡಿದಿಡುವವರೂ ಇದ್ದಾರೆ, ಅದಕ್ಕೆ ಹಿಸ್ ಸದ್ದಿಲ್ಲದ ಒಳ್ಳೆಯ ಪೆಡಲ್ ಬೇಕು. ಗೇನ್ ಜಾಸ್ತಿ ಇರುವ ಸೋಲೊದಲ್ಲಿ ನಾನು ಕಂಪ್ರೆಸರ್ ಆಫ್ ಮಾಡಿಬಿಡುತ್ತೇನೆ, ಅಲ್ಲಿ ಅದಕ್ಕೆ ಕೆಲಸವಿಲ್ಲ.

ಕೊಪ್ಪಳ, ಸ್ಲೈಡ್ ನುಡಿಸುವವರು

ನಾನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ಲೈಡ್ ಹಾಕಿ ರಾಗ ನುಡಿಸುವ ಪ್ರಯತ್ನದಲ್ಲಿದ್ದೇನೆ. ವಚನ, ದಾಸರ ಪದಗಳನ್ನೂ ನುಡಿಸುತ್ತೇನೆ. ನಮಗೆ ಕಂಪ್ರೆಸರ್ ಬೇಕಾಗುವ ಕಾರಣವೇ ಬೇರೆ. ಒಂದೇ ಮೀಟಿನಲ್ಲಿ ಗಾಂಧಾರದಿಂದ ಪಂಚಮಕ್ಕೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಳೆದು, ಅಲ್ಲಿ ನಿಂತು, ಮತ್ತೆ ಮಧ್ಯಮಕ್ಕೆ ಇಳಿಯುವಷ್ಟರಲ್ಲಿ ಸ್ವರ ಬತ್ತಿಹೋಗಿರುತ್ತದೆ. ಎರಡನೇ ಸಲ ಮೀಟಿದರೆ ಎಳೆ ಕಡಿಯುತ್ತದೆ. ಕಂಪ್ರೆಸರ್ ಇದ್ದರೆ ಆ ಇಳಿಯುವ ಭಾಗವೂ ಏರಿದ್ದರಷ್ಟೇ ತೂಕದಲ್ಲಿ ಕೇಳುತ್ತದೆ.

ಇಲ್ಲಿ ರಿಲೀಸ್ ಮುಖ್ಯ, ಅಂದರೆ ಒತ್ತಿದ್ದನ್ನು ಬಿಡುವ ವೇಗ. ಬೇಗ ಬಿಟ್ಟರೆ ಸ್ವರದ ಹಿಂದೆ ಉಸಿರು ಎಳೆದಂತೆ ಸದ್ದು ಉಬ್ಬುತ್ತದೆ. ಎಷ್ಟೋ ಪೆಡಲ್‌ಗಳಲ್ಲಿ ರಿಲೀಸ್‌ಗೆ ನಾಬ್ ಇರುವುದಿಲ್ಲ. ಮೇಲೆ ಹೇಳಿದ ಕೀಲಿಯಲ್ಲಿ ಸಿಂಗಲ್ ಕಾಯಿಲ್, ಹಂಬಕರ್ (ಎರಡು ಸುರುಳಿಯ ಪಿಕಪ್) ಅಂತ ಇರುವ ಸ್ವಿಚ್ ಬದಲಿಸುವುದು ಈ ರಿಲೀಸನ್ನೇ. ನನಗೆ ಹೆಚ್ಚು ಒಗ್ಗಿದ್ದು ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಮಾದರಿ. ಒಳಗೆ ಒಂದು ದೀಪ, ಬೆಳಕು ಬಿದ್ದಂತೆ ಬದಲಾಗುವ ಒಂದು ಭಾಗ, ಅವೆರಡೂ ಸೇರಿ ಸದ್ದನ್ನು ಹಿಡಿಯುತ್ತವೆ. ಒತ್ತುವುದೂ ಬಿಡುವುದೂ ಮೆತ್ತಗೆ. ಮೂವರ್ ಯೆಲ್ಲೊ ಕಾಂಪ್ ಈ ಬಗೆಯದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಕಂಪ್ರೆಸರ್ ಬಂದ ಮೇಲೆ ಕೈ ಇನ್ನಷ್ಟು ಶುದ್ಧವಾಗಬೇಕು. ಸ್ಲೈಡ್ ತಂತಿಗೆ ಉಜ್ಜುವ ಸದ್ದು, ಪಕ್ಕದ ತಂತಿಯ ಗುನುಗು ಎಲ್ಲ ಎದ್ದು ಕೇಳುತ್ತವೆ. ಸ್ಲೈಡಿನ ಹಿಂದೆ ಒಂದು ಬೆರಳನ್ನು ತಂತಿಗಳ ಮೇಲೆ ಹಗುರಾಗಿ ಮಲಗಿಸಿಡಿ, ಬಲಗೈ ಅಂಗೈಯಿಂದ ನುಡಿಸದ ತಂತಿಗಳನ್ನು ಮುಚ್ಚಿ. ರಿಯಾಜ್ ಮಾಡುವಾಗ ನಾನು ಪೆಡಲ್ ಹಾಕುವುದಿಲ್ಲ. ಮೀಟಿನ ಒತ್ತಡವನ್ನು ಬೆರಳೇ ಕಲಿಯಬೇಕು. ಇಲ್ಲದಿದ್ದರೆ ಮೆಲ್ಲಗೆ ನುಡಿಸಬೇಕಾದಲ್ಲಿ ಮೆಲ್ಲಗೆ ನುಡಿಸಲು ಬರದೇ ಹೋಗುತ್ತದೆ.

ಸಿಂಧನೂರು, ಬಾಸ್ ಗಿಟಾರ್

ಮಲ್ಟಿ ಇಫೆಕ್ಟ್ ಪ್ರೊಸೆಸರ್ ಇರುವ ಗೆಳೆಯರಿದ್ದರೆ ಒಂದು ವಾರಕ್ಕೆ ಕೇಳಿ ತಗೊಳ್ಳಿ. ಝೂಮ್ ಜಿ1 ಫೋರ್ ಥರದ ಸಣ್ಣದರಲ್ಲೂ ಒಂದಕ್ಕಿಂತ ಹೆಚ್ಚು ಬಗೆಯ ಕಂಪ್ರೆಸರ್ ಇದೆ. ನಿಮ್ಮ ಹಾಡುಗಳಿಗೆ ಯಾವ ಬಗೆ ಹೊಂದುತ್ತದೆ ಅಂತ ಖರ್ಚಿಲ್ಲದೆ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೂ ಭಯ ಬೇಡ. ಪ್ರತಿ ನಾಬ್ ತಿರುಗಿಸಿ ಕರಕರ ಅನ್ನುತ್ತದಾ ನೋಡಿ, ಸ್ವಿಚ್ ಹತ್ತಿಪ್ಪತ್ತು ಸಲ ಒತ್ತಿ, ಜಾಕ್ ಅಲ್ಲಾಡಿಸಿ. ಬ್ಯಾಟರಿ ಮನೆ ಬಿಚ್ಚಿ ಹಸಿರು ಕಿಲುಬು ಇದೆಯಾ ನೋಡಿ. ಅಡಾಪ್ಟರ್ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್ ಇರಬೇಕು. ಪೆಡಲಿನ ಮೇಲೆ ಬರೆದದ್ದು ಓದಿಯೇ ಚುಚ್ಚಿ. ನಮ್ಮ ಕಡೆ ಕೀಬೋರ್ಡಿನ 12 ವೋಲ್ಟ್ ಅಡಾಪ್ಟರ್ ಅದೇ ಸ್ಟೇಜಿನ ಮೇಲೆ ಬಿದ್ದಿರುತ್ತದೆ. ಪಿನ್ ಸರಿಯಾಗಿ ಕೂತರೂ ವೋಲ್ಟೇಜ್, ಧ್ರುವ ಎರಡೂ ಬೇರೆ ಇರಬಹುದು. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.