ಬಲಗಾಲು ಮುಂದಿಟ್ಟವರ ಪ್ರಶ್ನೆಗಳು: ಎಡಗೈ ಬಾಕ್ಸರ್‌ಗಳಿಗೆ ಕೋಚ್ ಉತ್ತರ

ನಿರ್ವಾಹಕ: ಇಂದು ಸಂಜೆ 6ರಿಂದ 8ರವರೆಗೆ ಕೋಚ್ ಮೇಡಂ ನಮ್ಮೊಂದಿಗೆ ಇರುತ್ತಾರೆ. ಹವ್ಯಾಸಿ ಬಾಕ್ಸರ್‌ಗಳಿಗೆ ವರ್ಷಗಳಿಂದ ತರಬೇತಿ ಕೊಡುತ್ತಿದ್ದಾರೆ, ಸ್ವತಃ ಎಡಗೈಯವರು. ವಿಷಯ ಸೌತ್‌ಪಾ ನಿಲುವು, ಅಂದರೆ ಬಲಗಾಲು ಬಲಗೈ ಮುಂದೆ, ಎಡಗೈ ಹಿಂದೆ. ಇದರ ಉಲ್ಟಾ ನಿಲುವು, ಎಡಗಾಲು ಎಡಗೈ ಮುಂದೆ, ಆರ್ಥೊಡಾಕ್ಸ್. ಕೇಳಿದ್ದನ್ನೇ ಕೇಳಬೇಡಿ. ಫಾರ್ವರ್ಡ್ ಸಂದೇಶ ಹಾಕಬೇಡಿ.

ಹೊಸ ಎಡಚ: ನಮಸ್ಕಾರ ಮೇಡಂ. ಸೇರಿ ಎರಡು ತಿಂಗಳಾಯಿತು. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಹೊಡೆದಾಗಲೆಲ್ಲ ಮುಗ್ಗರಿಸಿದಂತೆ ಆಗುತ್ತದೆ. ಕಾಲು ಹೇಗಿಡಬೇಕು?

ಕೋಚ್: ನಮಸ್ಕಾರ. ನಿಮ್ಮ ಎರಡೂ ಪಾದಗಳು ಒಂದೇ ಗೆರೆಯ ಮೇಲೆ ಬರುತ್ತಿವೆ ಎಂದು ನನ್ನ ಅನುಮಾನ, ಹಗ್ಗದ ಮೇಲೆ ನಡೆಯುವವರ ಹಾಗೆ. ಅದೇ ತಪ್ಪು. ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆಯಿರಿ. ಮುಂದಿನ ಬಲಪಾದ ಗೆರೆಯ ಬಲಕ್ಕೆ, ಹಿಂದಿನ ಎಡಪಾದ ಎಡಕ್ಕೆ, ನಡುವೆ ಭುಜದಗಲಕ್ಕಿಂತ ತುಸು ಹೆಚ್ಚು ಜಾಗ. ಎಡ ಹಿಮ್ಮಡಿ ನೆಲದಿಂದ ಸ್ವಲ್ಪ ಎದ್ದಿರಲಿ, ಮೊಣಕಾಲುಗಳು ಸಡಿಲವಾಗಿರಲಿ. ಮುಂದೆ ಹೋಗುವಾಗ ಬಲಪಾದ ಮೊದಲು, ಎಡಪಾದ ಅಷ್ಟೇ ದೂರ ಹಿಂಬಾಲಿಸಬೇಕು. ಜ್ಯಾಬ್ ಹೊಡೆದಾಗ ಮೂಗು ಮುಂದಿನ ಮೊಣಕಾಲನ್ನು ದಾಟಿದರೆ ನೀವು ಹೊಡೆಯುತ್ತಿಲ್ಲ, ಬೀಳುತ್ತಿದ್ದೀರಿ. ಹೊಡೆದು ಮುಗಿದ ಕ್ಷಣದಲ್ಲಿ ಗೆಳೆಯನೊಬ್ಬ ಎದೆಯನ್ನು ಮೆಲ್ಲಗೆ ತಳ್ಳಲಿ. ಹೆಜ್ಜೆ ಕಿತ್ತರೆ ನಿಲುವು ಇನ್ನೂ ಸರಿಯಾಗಿಲ್ಲ. ಹದಿನೈದು ದಿನ ಇಷ್ಟೇ ಮಾಡಿ, ಬೇರೇನೂ ಬೇಡ.

ಹಗ್ಗದಾಟ: ಮೇಡಂ, ದಿನಕ್ಕೆ ಎಷ್ಟು ನಿಮಿಷ ಸ್ಕಿಪ್ಪಿಂಗ್ ಮಾಡಬೇಕು?

ಬಲವಾನ್: ಎದುರಾಳಿ ಆರ್ಥೊಡಾಕ್ಸ್ ಇದ್ದರೆ ಯಾವ ಕಡೆಗೆ ಸುತ್ತಬೇಕು?

ಕೋಚ್: ನಿಮ್ಮ ಬಲಕ್ಕೆ. ಅವನ ಬಲಿಷ್ಠ ಕೈ ಬಲಗೈ, ಅದು ನಿಮ್ಮ ಎಡಭಾಗದಲ್ಲಿದೆ. ಬಲಕ್ಕೆ ಸರಿದಷ್ಟೂ ಅದರಿಂದ ದೂರ. ನಿಮ್ಮ ಬಲಪಾದ ಅವನ ಎಡಪಾದದ ಹೊರಗೆ ಬಿದ್ದರೆ ನಿಮ್ಮ ಎಡಗೈಗೆ ಅವನ ಗದ್ದದವರೆಗೆ ನೇರ ದಾರಿ ತೆರೆಯುತ್ತದೆ, ನಿಮ್ಮ ತಲೆ ಅವನ ಎಡಭುಜದ ಆಚೆ ಇರುತ್ತದೆ. ಆದರೆ ಇದನ್ನು ಮಂತ್ರ ಮಾಡಿಕೊಳ್ಳಬೇಡಿ. ಬರೀ ಬಲಕ್ಕೇ ಸುತ್ತುವವನಿಗೆ ಬುದ್ಧಿವಂತ ಎದುರಾಳಿ ಎಡ ಹುಕ್, ಅಂದರೆ ಬದಿಯಿಂದ ಬಳಸಿ ಬರುವ ಏಟು, ಕಾದಿಟ್ಟಿರುತ್ತಾನೆ. ಎರಡು ಸಲ ಬಲಕ್ಕೆ ಸರಿದು ಮೂರನೆಯ ಸಲ ಎಡಕ್ಕೆ ಅರ್ಧ ಹೆಜ್ಜೆ ಇಡುವುದನ್ನೂ ಕಲಿಯಿರಿ. ಪಾದ ನೋಡುತ್ತಾ ನಿಲ್ಲಬೇಡಿ, ಮುಖಕ್ಕೆ ಬೀಳುತ್ತದೆ.

ಮೌನಿ: ಮೇಡಂ, ಆರ್ಥೊಡಾಕ್ಸ್ ಎದುರಾಳಿಯಾದರೆ ಎಡಕ್ಕೆ ಹೋಗಬೇಕೋ ಬಲಕ್ಕೋ?

ಕೋಚ್: ಬಲಕ್ಕೆ. ಮೇಲೆ ಬರೆದಿದ್ದೇನೆ.

ಪಕ್ಕೆಲುಬು: ಹೊಟ್ಟೆಯ ಬಲಬದಿಗೆ ಏಟು ಬಿದ್ದರೆ ಉಸಿರೇ ನಿಲ್ಲುತ್ತದೆ. ನನಗೆ ಮಾತ್ರ ಹೀಗೆಯೇ?

ಕೋಚ್: ಅಲ್ಲ. ಯಕೃತ್ತು ಬಲಬದಿಯಲ್ಲಿದೆ, ನಾವು ಅದೇ ಬದಿಯನ್ನು ಮುಂದಿಟ್ಟು ನಿಲ್ಲುತ್ತೇವೆ. ಆರ್ಥೊಡಾಕ್ಸ್‌ನವನ ಎಡ ಹುಕ್‌ಗೆ ಅದು ಹತ್ತಿರ. ಜ್ಯಾಬ್ ಹಿಂದಕ್ಕೆ ಬರುವಾಗ ಬಲ ಮೊಣಕೈ ಪಕ್ಕೆಲುಬಿಗೆ ತಾಗಲಿ.

ಎರಡೂ ಕೈ: ನಾನು ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಿ. ಆದರೂ ಸೌತ್‌ಪಾ ನಿಂತರೆ ಲಾಭ ಎನ್ನುತ್ತಾರೆ. ಸೌತ್‌ಪಾ ನಿಲ್ಲುವ ಉಕ್ರೇನಿನ ಬಾಕ್ಸರ್ ಲೊಮಚೆಂಕೊ ಸಹ ಬಲಗೈಯವನೇ ಅಲ್ಲವೇ?

ಕೋಚ್: ಹೌದು, ಬಲಗೈಯವನು. ಚುರುಕಿನ ಕೈ ಮುಂದಿದ್ದರೆ ಜ್ಯಾಬ್ ಚೆನ್ನಾಗಿ ಬರುತ್ತದೆ, ಹಿಂದಿನ ಕೈಗೆ ಬಲ ತುಂಬಲು ಮಾತ್ರ ಬಹಳ ಕಾಲ ಬೇಕು. ಉಲ್ಟಾ ಉದಾಹರಣೆಯೂ ಇದೆ: ಆಸ್ಕರ್ ಡೆ ಲಾ ಹೋಯಾ ಹುಟ್ಟು ಎಡಗೈಯವನು, ಆರ್ಥೊಡಾಕ್ಸ್ ನಿಂತ, ಅವನ ಎಡ ಹುಕ್ ಎಂಥದ್ದೆಂದು ಜಗತ್ತಿಗೇ ಗೊತ್ತು. ಒಂದು ನಿಲುವು ಆರಿಸಿಕೊಂಡು ಒಂದು ವರ್ಷ ಅದರಲ್ಲೇ ಇರಿ. ವಾರಕ್ಕೊಂದು ನಿಲುವು ಬದಲಿಸುವವರಿಗೆ ಎರಡೂ ಬರುವುದಿಲ್ಲ.

ಹಳೇ ಗ್ಲೌಸ್: ಎಡಗೈಯವರಿಗೆ ಇದು ಪುಕ್ಕಟೆ ಲಾಭ. ಲಂಡನ್ 2012ರ ಒಲಿಂಪಿಕ್ಸ್‌ನಲ್ಲಿ ಲೊಮಚೆಂಕೊ ಚಿನ್ನ, ಉಸಿಕ್ ಚಿನ್ನ. ನಮ್ಮ ಮೇರಿ ಕೋಮ್ ಕಂಚು. ಎಲ್ಲರೂ ಸೌತ್‌ಪಾ.

ಕೌಂಟರ್: ಅದೇ ಲಂಡನ್‌ನಲ್ಲಿ ಚಿನ್ನ ಗೆದ್ದ ಆರ್ಥೊಡಾಕ್ಸ್‌ನವರನ್ನೂ ಎಣಿಸಿ ನೋಡಿ. ಎಡಗೈ ಲಾಭವೇ ಆಗಿದ್ದರೆ 2012ರ ಡಿಸೆಂಬರ್‌ನಲ್ಲಿ ಆರ್ಥೊಡಾಕ್ಸ್ ಮಾರ್ಕೆಜ್ ಎದುರು ಸೌತ್‌ಪಾ ಪಾಕ್ವಿಯಾವೊ ಆರನೆಯ ಸುತ್ತಿನಲ್ಲಿ ಮುಖ ಕೆಳಗಾಗಿ ಬಿದ್ದದ್ದು ಏಕೆ?

ಹಳೇ ಗ್ಲೌಸ್: ಅದು ಅದೃಷ್ಟದ ಏಟು.

ಕೌಂಟರ್: ನಾಲ್ಕು ಪಂದ್ಯಗಳಲ್ಲಿ ಅದೇ ಬಲಗೈ ಏಟಿಗೆ ದಾರಿ ಹುಡುಕುತ್ತಿದ್ದ ಮಾರ್ಕೆಜ್‌ಗೆ ಅದೃಷ್ಟವೇ? ಪಂದ್ಯ ನೋಡಿದ್ದೀರೋ ಅಥವಾ ಬರೀ ತುಣುಕು ನೋಡಿದ್ದೀರೋ?

ಹಳೇ ಗ್ಲೌಸ್: ನೀವು ಹುಟ್ಟುವ ಮೊದಲಿನಿಂದ ನಾನು ಬಾಕ್ಸಿಂಗ್ ನೋಡುತ್ತಿದ್ದೇನೆ.

ಕೌಂಟರ್: ನೋಡುವುದಕ್ಕೂ ಕಾಣುವುದಕ್ಕೂ ವ್ಯತ್ಯಾಸವಿದೆ ಸ್ವಾಮಿ.

ಕೋಚ್: ಇಬ್ಬರೂ ಸ್ವಲ್ಪ ಸುಮ್ಮನಿರಿ. ಪಾಕ್ವಿಯಾವೊ ನೇರ ಗೆರೆಯಲ್ಲಿ ಒಳನುಗ್ಗಿದ, ಎದುರಿಗೆ ಬಲಗೈ ಕಾದಿತ್ತು. ಸೌತ್‌ಪಾಗೆ ಆರ್ಥೊಡಾಕ್ಸ್‌ನವನ ನೇರ ಬಲಗೈಯೇ ದೊಡ್ಡ ಶತ್ರು, ನಮ್ಮ ಎಡಗೈ ಅವನಿಗೆ ಶತ್ರುವಾಗಿರುವ ಹಾಗೆ. ದಾರಿ ಇಬ್ಬರಿಗೂ ಒಂದೇ. ಲಾಭ ಏನಾದರೂ ಇದ್ದರೆ ಅವರು ನಮ್ಮಂಥವರೊಡನೆ ಕಡಿಮೆ ಆಡಿರುತ್ತಾರೆ ಎಂಬುದಷ್ಟೇ.

ಮೂರನೇ ಸುತ್ತು: ಮೇಡಂ, ನನಗೆ 20 ವರ್ಷ, ಸೌತ್‌ಪಾ. ಜೊತೆಗಾರನ ನೇರ ಬಲಗೈ ಪ್ರತಿ ಸ್ಪಾರಿಂಗ್‌ನಲ್ಲೂ (ಅಭ್ಯಾಸದ ಕಾದಾಟ) ಬೀಳುತ್ತಿದೆ. ಆರು ದಿನಗಳ ಹಿಂದೆ ಏಟು ಜೋರಾಗಿ ಬಿತ್ತು, ನಾನು ಬೀಳಲಿಲ್ಲ, ಆಟ ಮುಗಿಸಿದೆ. ಆಮೇಲಿನಿಂದ ತಲೆ ಭಾರ, ಬೆಳಕು ನೋಡಿದರೆ ಕಿರಿಕಿರಿ, ಓದಿದ್ದು ತಲೆಗೆ ಹೋಗುತ್ತಿಲ್ಲ. ನಿನ್ನೆಯೂ ಎರಡು ಸುತ್ತು ಆಡಿದೆ, ಹೆಡ್‌ಗಾರ್ಡ್ ಹಾಕಿಕೊಂಡಿದ್ದೆ. ಒಂಬತ್ತು ದಿನಗಳಲ್ಲಿ ಪಂದ್ಯವಿದೆ. ಪಾದವನ್ನು ಇನ್ನೂ ಹೊರಗೆ ಇಟ್ಟರೆ ಆ ಏಟು ತಪ್ಪುತ್ತದೆಯೇ?

ಅನುಭವಿ: ತಮ್ಮಾ, ಹೆದರಬೇಡ. ನನಗೆ ಬಂದ ಸಂದೇಶ ಹಾಕುತ್ತಿದ್ದೇನೆ: “ತಲೆಗೆ ಏಟಾದವರು ಬೆಳಿಗ್ಗೆ ಐದು ನಿಮಿಷ ಶೀರ್ಷಾಸನ ಹಾಕಿದರೆ ಮೆದುಳಿಗೆ ರಕ್ತ ಹರಿದು ಏಟು ತಾನಾಗಿ ವಾಸಿಯಾಗುತ್ತದೆ. ದಿನಕ್ಕೆ ಒಂದು ಗಂಟೆ ಗಟ್ಟಿ ಗಮ್ ಅಗಿದರೆ ದವಡೆ ಕಲ್ಲಾಗುತ್ತದೆ, ನಾಕೌಟ್ ಆಗುವುದೇ ಇಲ್ಲ. ಹತ್ತು ಜನರಿಗೆ ಕಳುಹಿಸಿ.”

ಕೋಚ್: ಮೂರನೇ ಸುತ್ತು, ಮೊದಲು ನನಗೆ ಉತ್ತರ ಕೊಡು. ವಾಂತಿ ಆಗಿದೆಯೇ? ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೇ? ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುತ್ತಿದೆಯೇ? ಮಾತು ತೊದಲುತ್ತಿದೆಯೇ, ಕೈಕಾಲು ಜೋಮು ಹಿಡಿಯುತ್ತಿದೆಯೇ, ಎಬ್ಬಿಸಿದರೂ ಏಳದಷ್ಟು ನಿದ್ದೆ ಬರುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಇದನ್ನು ಓದುವುದು ಬಿಟ್ಟು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗು, ಒಬ್ಬನೇ ಹೋಗಬೇಡ. ಒಂದೂ ಇಲ್ಲದಿದ್ದರೂ ಇಂದೇ ವೈದ್ಯರನ್ನು ನೋಡು.

ಏಕವಚನಕ್ಕೆ ಇಳಿದಿದ್ದೇನೆ. ಇರಲಿ.

ನಿನ್ನದು ಪಾದದ ಪ್ರಶ್ನೆಯಲ್ಲ. ನೀನು ಹೇಳಿದ ಮೂರೂ ಕನ್ಕಷನ್‌ನ ಲಕ್ಷಣಗಳು, ಅಂದರೆ ಮೆದುಳು ತಲೆಬುರುಡೆಯೊಳಗೆ ಅಲುಗಿ ಅದರ ಕೆಲಸ ಏರುಪೇರಾಗಿದೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ನೀನು ನಿಂತೇ ಆಟ ಮುಗಿಸಿದ್ದೆ ಎನ್ನುವುದು ಧೈರ್ಯದ ಮಾತೂ ಅಲ್ಲ, ಸಮಾಧಾನದ ಮಾತೂ ಅಲ್ಲ. ಸ್ಕ್ಯಾನ್ ಮಾಡಿಸಿದರೆ ಎಲ್ಲ ಸರಿಯಾಗಿದೆ ಎಂದು ಬರಬಹುದು. ಸಿಟಿ ಸ್ಕ್ಯಾನ್ ರಕ್ತಸ್ರಾವ, ಮೂಳೆ ಮುರಿತ ತೋರಿಸುತ್ತದೆ, ಕನ್ಕಷನ್ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆ ಕಾಗದ ಹಿಡಿದು ಮರುದಿನವೇ ರಿಂಗ್ ಹತ್ತಿದವರನ್ನು ನಾನು ನೋಡಿದ್ದೇನೆ. ಮೊದಲ ಏಟು ಮಾಗುವ ಮುನ್ನ ಎರಡನೆಯದು ಬಿದ್ದರೆ, ಅದು ಸಣ್ಣದೇ ಆಗಿದ್ದರೂ, ಮೆದುಳು ಊದಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಅಪರೂಪ, ಆದರೆ ಆಗುವುದು ನಿನ್ನ ವಯಸ್ಸಿನವರಿಗೇ ಹೆಚ್ಚು. ನಿನ್ನೆ ಎರಡು ಸುತ್ತು ಆಡಿದೆ ಎಂದು ಓದಿದಾಗ ನನ್ನ ಕೈ ತಣ್ಣಗಾಯಿತು.

ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ಕಡಿಮೆ ಮಾಡುತ್ತದೆ, ಏಟಿಗೆ ತಲೆ ಗಿರ್ರೆಂದು ತಿರುಗಿ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ವಯಸ್ಕ ಪುರುಷರ ಅಂತಾರಾಷ್ಟ್ರೀಯ ಹವ್ಯಾಸಿ ಪಂದ್ಯಗಳಲ್ಲಿ ಅದನ್ನು 2013ರಲ್ಲಿ ತೆಗೆದುಹಾಕಿದರು. ಅದರ ಮೇಲೆ ವಾದಗಳಿವೆ, ಇಂದು ಬೇಡ.

ಒಂದೆರಡು ದಿನ ದೇಹಕ್ಕೂ ಮೊಬೈಲ್ ಪರದೆಗೂ ವಿಶ್ರಾಂತಿ. ಆಮೇಲೆ ನಡಿಗೆ. ತಲೆ ಸುಮ್ಮನಿದ್ದರೆ ಸೈಕಲ್, ಅನಂತರ ಶ್ಯಾಡೋ (ಎದುರಾಳಿಯಿಲ್ಲದೆ ಗಾಳಿಗೆ ಹೊಡೆಯುವುದು), ಅನಂತರ ಬ್ಯಾಗ್. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಲಕ್ಷಣ ಮರಳಿದರೆ ಒಂದು ಮೆಟ್ಟಿಲು ಕೆಳಗೆ. ಮುಖಕ್ಕೆ ಏಟು ಬೀಳುವ ಯಾವ ಅಭ್ಯಾಸವೂ ವೈದ್ಯರು ಬರೆದುಕೊಡುವವರೆಗೆ ಇಲ್ಲ. ನೋವಿನ ಮಾತ್ರೆ ನುಂಗಿ ಲಕ್ಷಣ ಮುಚ್ಚಿ ಹೋಗುವ ಯೋಚನೆಯನ್ನೂ ಬಿಡು. ಒಂಬತ್ತು ದಿನಗಳ ನಂತರದ ಆ ಪಂದ್ಯ ನಿನಗಿಲ್ಲ. ನಿನ್ನ ಕೋಚ್‌ಗೆ ನೀನೇ ಹೇಳು, ನಾಚಿಕೆಯಾದರೆ ಈ ಸಂದೇಶ ತೋರಿಸು. ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಂಥದ್ದನ್ನೇ ಹೇಳದೆ ಮುಚ್ಚಿಟ್ಟೆ. ಆ ವರ್ಷದ ಪರೀಕ್ಷೆಯಲ್ಲಿ ಏನು ಬರೆದೆನೆಂದು ಇವತ್ತಿಗೂ ನೆನಪಿಲ್ಲ.

ಆ ಏಟು ಏಕೆ ಬೀಳುತ್ತಿದೆ ಎಂಬುದನ್ನೂ ಹೇಳುತ್ತೇನೆ, ಇಲ್ಲದಿದ್ದರೆ ನೀನು ಬೇರೆಯವರನ್ನು ಕೇಳುತ್ತೀಯ. ಮೂರು ಕಡೆ ನೋಡು. ಜ್ಯಾಬ್ ಹಿಂದಕ್ಕೆ ಬರುವಾಗ ಬಲಗೈ ಸೊಂಟದ ಮಟ್ಟಕ್ಕೆ ಇಳಿಯುತ್ತಿದೆಯೇ? ಎಡಗೈ ಹೊಡೆದ ಮೇಲೆ ಎರಡೂ ಭುಜ ಅವನಿಗೆ ಎದುರಾಗಿ, ಚೌಕಾಕಾರವಾಗಿ ಅಲ್ಲೇ ನಿಲ್ಲುತ್ತೀಯೇ? ಏಟು ಬರುವಾಗ ಗದ್ದ ಎತ್ತಿ ನೇರ ಹಿಂದಕ್ಕೆ ವಾಲುತ್ತೀಯೇ? ಕೊನೆಯದೇ ಇರಬೇಕೆಂದು ನನ್ನ ಅನುಮಾನ. ನೇರ ಹಿಂದಕ್ಕೆ ಹೋದವನು ಅದೇ ಗೆರೆಯ ಮೇಲೆ ಇರುತ್ತಾನೆ, ಬಲಗೈ ಇನ್ನೊಂದು ಹೆಜ್ಜೆ ಹಾಕಿದರೆ ಸಾಕು. ಎಡಗೈ ಹೊಡೆಯುವಾಗಲೇ ತಲೆ ಬಲಕ್ಕೆ ಜಾರಬೇಕು, ಹೊಡೆದ ಮೇಲೆ ಬಲಪಾದ ಹೊರಗೆ, ಹಿಂದಿನ ಪಾದ ಅದರ ಹಿಂದೆಯೇ ತಿರುಗಬೇಕು. ವೈದ್ಯರು ಶ್ಯಾಡೋಗೆ ಒಪ್ಪಿದ ದಿನ ಕನ್ನಡಿಯ ಮುಂದೆ ಇದನ್ನು ಶುರು ಮಾಡು. ಅಲ್ಲಿಯವರೆಗೆ ಇದನ್ನು ಓದಿಟ್ಟುಕೊಂಡರೆ ಸಾಕು.

ಅನುಭವಿಗಳೇ, ಮೆದುಳು ಅಲುಗಿರುವ ಹುಡುಗನನ್ನು ತಲೆಕೆಳಗಾಗಿ ನಿಲ್ಲಿಸಲು ಹೇಳುತ್ತೀರಿ. ಆ ಸಂದೇಶ ಅಳಿಸಿ. ಗಮ್ ಅಗಿದರೆ ಅಗಿಯುವ ಸ್ನಾಯು ಬೆಳೆಯುತ್ತದೆ, ಮೆದುಳಿಗೆ ಅದರಿಂದ ಗೋಡೆ ಕಟ್ಟಿದಂತೆ ಆಗುವುದಿಲ್ಲ.

ಅನುಭವಿ: ಒಳ್ಳೆಯದಕ್ಕೇ ಹಾಕಿದೆ. ಇಷ್ಟು ಕೋಪ ಏಕೆ?

ಕೋಚ್: ಅಳಿಸಿದ ಮೇಲೆ ಮಾತಾಡೋಣ.

ಹಳೇ ಗ್ಲೌಸ್: ನಮ್ಮ ಕಾಲದಲ್ಲಿ ತಲೆ ಸುತ್ತಿದರೆ ಮುಖ ತೊಳೆದು ಮತ್ತೆ ಆಡುತ್ತಿದ್ದೆವು. ಈಗಿನ ಹುಡುಗರು ಮೆತ್ತಗೆ. ಉಪ್ಪುನೀರಿನಲ್ಲಿ ಮುಖ ನೆನೆಸುತ್ತಿದ್ದ ಹಳೇ ಹೆವಿವೇಟ್ ಚಾಂಪಿಯನ್ ಡೆಂಪ್ಸಿಯ ಕಾಲ ಬೇರೆ.

ಕೌಂಟರ್: ನಿಮ್ಮ ಕಾಲದವರು ಈಗ ಹೇಗೆ ಮಾತನಾಡುತ್ತಾರೆ ಎನ್ನುವುದನ್ನೂ ಹೇಳಿ. ಉಪ್ಪುನೀರು ಚರ್ಮಕ್ಕೆ, ಮೆದುಳಿಗಲ್ಲ.

ಹಳೇ ಗ್ಲೌಸ್: ನಿಮ್ಮನ್ನು ಯಾರು ಕೇಳಿದರು?

ಕೌಂಟರ್: ನಿಮ್ಮನ್ನೂ ಯಾರೂ ಕೇಳಿರಲಿಲ್ಲ.

ನಿರ್ವಾಹಕ: ಇಬ್ಬರಿಗೂ ಕೊನೆಯ ಎಚ್ಚರಿಕೆ.

ಹಗ್ಗದಾಟ: ಸ್ಕಿಪ್ಪಿಂಗ್ ಬಗ್ಗೆ ಕೇಳಿದ್ದೆ ಮೇಡಂ.

ಕನ್ನಡಿ: ಎದುರಾಳಿಯೂ ಸೌತ್‌ಪಾ ಆದರೆ ಏನು ಮಾಡಬೇಕು? ನನಗೆ ಏನೂ ತೋಚುವುದಿಲ್ಲ.

ಕೋಚ್: ಎಡಗೈಯವರೊಡನೆ ಎಡಗೈಯವರೂ ಆಡಿರುವುದಿಲ್ಲ, ಅದಕ್ಕೆ. ಹೊರಪಾದದ ಜಗಳ ಅಲ್ಲಿಲ್ಲ. ಅವನ ಬಲಿಷ್ಠ ಕೈ ಎಡಗೈ, ಅದು ನಿಮ್ಮ ಬಲಬದಿಯಿಂದ ಬರುತ್ತದೆ, ಹಾಗಾಗಿ ಸುತ್ತುವುದು ನಿಮ್ಮ ಎಡಕ್ಕೆ. ಜ್ಯಾಬ್ ಹೆಚ್ಚಿಸಿ.

ಚುರುಕು: ಹಾಗಾದರೆ ಆರ್ಥೊಡಾಕ್ಸ್ ಜೊತೆಯೂ ಎಡಕ್ಕೇ ಅಲ್ಲವೇ?

ಕೋಚ್: ಓದುವ ಅಭ್ಯಾಸ ಮಾಡಿ.

ಒಬ್ಬ ತಾಯಿ: ನನ್ನ ಮಗಳಿಗೆ ಹನ್ನೊಂದು ವರ್ಷ, ಎಡಗೈ. ಬಲಗೈಗೆ ತಿರುಗಿಸಬೇಕೆಂದು ಅಲ್ಲಿನ ತರಬೇತುದಾರರು ಹೇಳುತ್ತಾರೆ. ಒಪ್ಪಬೇಕೇ?

ಹಳೇ ಗ್ಲೌಸ್: ಒಪ್ಪಬೇಡಿ. ಎಡಗೈ ಪುಕ್ಕಟೆ ಲಾಭ ಎಂದು ಮೇಲೆ ಹೇಳಿದ್ದೇನೆ.

ಕೌಂಟರ್: ಮತ್ತೆ ಶುರುವಾಯಿತು.

ನಿರ್ವಾಹಕ: ಹಳೇ ಗ್ಲೌಸ್ ಮತ್ತು ಕೌಂಟರ್ ಇಬ್ಬರೂ ನಾಳೆಯವರೆಗೆ ಇಲ್ಲಿ ಬರೆಯುವಂತಿಲ್ಲ.

ಕೋಚ್: ಮೂರನೇ ಸುತ್ತು, ಎಲ್ಲಿದ್ದೀಯ?

ಕೋಚ್: ಮೂರನೇ ಸುತ್ತು?

ಮೂರನೇ ಸುತ್ತು: ವೈದ್ಯರ ಬಾಗಿಲಲ್ಲಿ ಸರತಿಯಲ್ಲಿ ಕುಳಿತಿದ್ದೇನೆ ಮೇಡಂ. ಅಣ್ಣ ಜೊತೆಗಿದ್ದಾನೆ. ವಾಂತಿ ಇಲ್ಲ. ಮುಂದೆ ಐದು ಜನರಿದ್ದಾರೆ, ಮುಗಿದ ಮೇಲೆ ಹಾಗೆಯೇ ಅಭ್ಯಾಸಕ್ಕೆ ಹೋಗೋಣ ಎಂದು ಗ್ಲೌಸ್ ತಂದಿದ್ದೇನೆ.

ಕೋಚ್: ಗ್ಲೌಸನ್ನು ಅಣ್ಣನ ಕೈಗೆ ಕೊಡು. ಮೊಬೈಲನ್ನೂ ಕೊಡು, ಅವರ ಜೊತೆ ನಾನು ಮಾತನಾಡುತ್ತೇನೆ.