ಬ್ರೇಕಿಂಗ್ ಕಲಿಕೆ: ಟೈಲ್ಸ್ ನೆಲ, ಮಳೆಗಾಲ, ಮಣಿಕಟ್ಟು ನೋವು. ಶುರು ಎಲ್ಲಿಂದ?

ಬಿಜೈ_ಬೀಟ್ (ಪ್ರಶ್ನೆ)

ಇರುವುದು ಮಂಗಳೂರು, ವಯಸ್ಸು 24, ಡ್ಯಾನ್ಸಿನ ಹಿನ್ನೆಲೆ ಎಂತದ್ದೂ ಇಲ್ಲ. ಕಲೀತಾ ಇರುವುದು ಬ್ರೇಕಿಂಗ್, ಅಂದರೆ ನೆಲದಲ್ಲಿ ಉರುಳಿ ತಿರುಗುವ ಹಿಪ್‌ಹಾಪ್ ಡ್ಯಾನ್ಸ್. ವಾರಕ್ಕೆ ಮೂರು ಸಂಜೆ, 45 ನಿಮಿಷದ ಹಾಗೆ ಮನೆಯಲ್ಲೇ ಅಭ್ಯಾಸ. ಗುರಿ ವಿಂಡ್‌ಮಿಲ್, ಅಂದರೆ ಕಾಲು ಅಗಲಿಸಿ ಭುಜ, ಬೆನ್ನಿನ ಮೇಲೆ ಸುತ್ತುವುದು. ಸದ್ಯ ಸಿಕ್ಸ್‌ಸ್ಟೆಪ್ (ಕೈ ಊರಿ ಆರು ಹೆಜ್ಜೆಯಲ್ಲಿ ಒಂದು ಸುತ್ತು ಬರುವುದು) ನಡೀತಾ ಉಂಟು, ಆದರೆ ಎರಡು ಸುತ್ತು ಆಗುವಷ್ಟರಲ್ಲಿ ಮಣಿಕಟ್ಟಿನ ಮೇಲ್ಭಾಗ ಹಿಡಿದುಕೊಳ್ತದೆ. ನೆಲ ವಿಟ್ರಿಫೈಡ್ ಟೈಲ್ಸ್, ಈ ಮಳೆಗೆ ಬೆವರಿ ಕೈ ಜಾರ್ತದೆ. ತಾರಸಿಯ ಕಾಂಕ್ರೀಟಿನಲ್ಲಿ ಅಂಗೈ ತರಚಿಹೋಗ್ತದೆ. ಯೋಗ ಮ್ಯಾಟ್ ಸಾಕಾ? ಪಣಂಬೂರು ಬೀಚಿನ ಮರಳಲ್ಲಿ ಮಾಡಬಹುದಾ? ಉಳಿದದ್ದನ್ನೆಲ್ಲ ಬಿಟ್ಟು ನೇರ ವಿಂಡ್‌ಮಿಲ್‌ಗೇ ಕೈ ಹಾಕಿದರೆ ಹೇಗೆ?

ಕಡಲಬದಿ

ಮೊದಲು ನೆಲ ಸರಿ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ಇರುವ ತೇವ ತಣ್ಣನೆಯ ಟೈಲ್ಸಿಗೆ ತಾಗಿದ ಕೂಡಲೇ ನೀರಾಗಿ ಕೂತುಕೊಳ್ತದೆ. ಒರೆಸಿದರೆ ಸ್ವಲ್ಪ ಹೊತ್ತಿಗೆ ಪುನಃ ಅದೇ ಕತೆ. ಕೈಗೆ ಪೌಡರ್ ಹಚ್ಚುವವರಿದ್ದಾರೆ, ಒದ್ದೆ ನೆಲದಲ್ಲಿ ಅದು ಲೇಪವಾಗಿ ಇನ್ನಷ್ಟು ಜಾರಿಸ್ತದೆ.

ಯೋಗ ಮ್ಯಾಟ್ ಬೇಡವೇ ಬೇಡ. ಬ್ರೇಕಿಂಗಿನಲ್ಲಿ ಪಾದ ತಿರುಗಬೇಕು, ಬೆನ್ನು ಜಾರಬೇಕು. ಮ್ಯಾಟ್ ಪಾದವನ್ನು ಕಚ್ಚಿ ಹಿಡಿದರೆ ಆ ತಿರುಚು ಪೂರ್ತಿ ಮೊಣಕಾಲಿಗೆ ಬೀಳ್ತದೆ. ಸಾಲದ್ದಕ್ಕೆ ಮೆತ್ತಗಿನ ನೆಲದಲ್ಲಿ ಅಂಗೈಯ ಹಿಂಭಾಗ ಹುಗಿದು ಮಣಿಕಟ್ಟು ಇನ್ನೂ ಜಾಸ್ತಿ ಮಡಚ್ತದೆ. ನಿಮ್ಮ ನೋವಿಗೆ ಅದು ಉರಿಯುವ ಬೆಂಕಿಗೆ ತುಪ್ಪ.

ಜಾಗ ಇದ್ದರೆ 12 ಎಂಎಂ ಪ್ಲೈವುಡ್, 8×4 ಅಡಿಯ ಎರಡು ಹಾಳೆ ತನ್ನಿ. ಅಕ್ಕಪಕ್ಕ ಇಟ್ಟರೆ 8×8 ಅಡಿ, ಸಿಕ್ಸ್‌ಸ್ಟೆಪ್‌ಗೂ ಮುಂದೆ ವಿಂಡ್‌ಮಿಲ್‌ಗೂ ಸಾಕು. ಅಡಿಯಲ್ಲಿ ತೆಳು ರಬ್ಬರ್ ಪಟ್ಟಿ ಇಲ್ಲದಿದ್ದರೆ ಹಲಗೆಯೇ ಟೈಲ್ಸ್ ಮೇಲೆ ಓಡ್ತದೆ. ಮೇಲಿಂದ ಸುಮಾರು 2 ಎಂಎಂ ವಿನೈಲ್ ಶೀಟ್ ಹಾಸಿ. ಶೀಟಿನ ಜೋಡಣೆ ನಡುವೆ ಬರಬಾರದು, ಬದಿಗೆ ಬರಲಿ. ಅಂಚಿಗೆಲ್ಲ ಅಗಲದ ಟೇಪ್. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸುವುದು ಹಳೇ ಪದ್ಧತಿ. ಬೇಸಿಗೆಗೆ ಚೆಂದ, ಆಟಿ ತಿಂಗಳಲ್ಲಿ ಹಪ್ಪಳದ ಹಾಗೆ ಮೆತ್ತಗಾಗ್ತದೆ.

ಒಣ ಮರಳು ಹ್ಯಾಂಡ್‌ಸ್ಟ್ಯಾಂಡ್‌ನಿಂದ ಬೀಳುವುದನ್ನು ಕಲಿಯಲು ಒಳ್ಳೆಯದು, ಫುಟ್‌ವರ್ಕ್‌ಗೆ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಪಣಂಬೂರಾಗಲಿ ಮಲ್ಪೆಯಾಗಲಿ, ನೀರಿನ ಅಂಚಿನ ಗಟ್ಟಿ ಮರಳಿಗೆ ಇಳಿಯುವುದೇ ಬೇಡ.

ಆರನೇ_ಹೆಜ್ಜೆ

ನೆಲದ ವಿಷಯ ಒಪ್ಪಿದೆ. ಆದರೆ ನೋವಿಗೆ ನೆಲ ಅರ್ಧ ಕಾರಣ ಅಷ್ಟೆ, ಉಳಿದರ್ಧ ಕೈ ಊರುವ ಕ್ರಮ. ಹೊಸಬರು ಇಡೀ ಭಾರವನ್ನು ಅಂಗೈಯ ಹಿಂಭಾಗಕ್ಕೆ ಹಾಕ್ತಾರೆ, ಮಣಿಕಟ್ಟು 90 ಡಿಗ್ರಿ ಮಡಚಿ ಮೇಲ್ಬದಿಯಲ್ಲಿ ಕಚ್ಚಿಕೊಳ್ತದೆ. ಬೆರಳು ಅಗಲಿಸಿ, ಬೆರಳ ತುದಿಯಿಂದಲೂ ಬುಡದಿಂದಲೂ ನೆಲ ಹಿಡಿಯಿರಿ, ಅಂಗೈಯ ನಡುವೆ ಸಣ್ಣ ಗುಳಿ ಉಳಿಯಲಿ.

ಶುರುವಿಗೆ ಮುಂಚೆ ಐದು ನಿಮಿಷ ಮಣಿಕಟ್ಟಿಗೇ ಮೀಸಲು. ಅಂಬೆಗಾಲಿನಲ್ಲಿ ನಿಂತು ಬೆರಳು ಮುಂದಕ್ಕಿಟ್ಟು ಹತ್ತು ಸಲ ಹಿಂದೆ-ಮುಂದೆ ತೂಗಿ. ಆಮೇಲೆ ಬೆರಳು ಮೊಣಕಾಲಿನ ಕಡೆ ತಿರುಗಿಸಿ ಹತ್ತು. ಕಡೆಗೆ ಕೈಯ ಹಿಂಬದಿಯನ್ನು ನೆಲಕ್ಕಿಟ್ಟು, ತೀರಾ ಕಡಿಮೆ ಭಾರದಲ್ಲಿ ಇನ್ನೂ ಹತ್ತು.

ಇನ್ನು ಸಿಕ್ಸ್‌ಸ್ಟೆಪ್. ಪುಶ್‌ಅಪ್ ಭಂಗಿಯಲ್ಲಿ ಕಾಲು ಅಗಲ. ಒಂದು: ಬಲಗೈ ಎತ್ತಿ, ಎಡಗಾಲನ್ನು ಹೊಟ್ಟೆಯಡಿಯಿಂದ ಬಲಗಡೆಗೆ ತನ್ನಿ. ಎರಡು: ಬಲಪಾದವನ್ನು ಎಡ ಮೊಣಕಾಲಿನ ಹಿಂದೆ ಸಿಕ್ಕಿಸಿ. ಮೂರು: ಎಡಗಾಲು ಹೊರಗೆ ತೆರೆದು ಏಡಿಯ ಭಂಗಿ, ಈಗ ಹೊಟ್ಟೆ ಆಕಾಶದ ಕಡೆ. ಬಲಗೈ ಹಿಂದೆ ಊರಿ ಎಡಗೈ ಬಿಡುವುದು ಇಲ್ಲೇ. ನಾಲ್ಕು: ಬಲಗಾಲು ಎಡಗಾಲಿನ ಮುಂದಿನಿಂದ ಅಡ್ಡ ಬರಲಿ. ಐದು: ಎಡಗಾಲು ಹಿಂದಕ್ಕೆ ಚಾಚಿ ಎಡಗೈ ನೆಲಕ್ಕೆ. ಆರು: ಬಲಗಾಲು ಮೊದಲಿನ ಜಾಗಕ್ಕೆ.

ಕೆಡುವುದು ಹೆಚ್ಚಾಗಿ ಮೂರರಲ್ಲಿ. ಸೊಂಟ ನೆಲಕ್ಕೆ ಕೂತರೆ ಭಾರ ಪೂರ್ತಿ ಹಿಂದಿನ ಕೈಗೆ ಬಂತು, ಮಣಿಕಟ್ಟು ಹೋಯ್ತು. ಹಿಮ್ಮಡಿ ಎತ್ತಿ ಪಾದದ ಮುಂಭಾಗದಲ್ಲಿ ನಿಂತರೆ ಭಾರದ ಬಹುಪಾಲನ್ನು ಕಾಲೇ ಹೊರ್ತದೆ, ಕೈ ಬರೀ ಆಧಾರ. ಇದು ಬಂದಿದೆಯಾ ಅಂತ ನೋಡಬೇಕಾದರೆ ಮೂರನೇ ಹೆಜ್ಜೆಯಲ್ಲಿ ನಿಂತು ಊರಿದ ಕೈಯನ್ನು ಕ್ಷಣ ಎತ್ತಿ. ಹಿಂದಕ್ಕೆ ಬೀಳದಿದ್ದರೆ ಸರಿ ಉಂಟು.

ಬಿದ್ದ ಮೇಲೆ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋಯ್ತದಾದರೆ ಎಣ್ಣೆ ತಿಕ್ಕಿ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಅಲ್ಲಿನ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದುಂಟು. ಅಲ್ಲಿಗೆ ರಕ್ತ ಸಿಗುವುದೇ ಕಡಿಮೆ, ಬಿಟ್ಟರೆ ಕೂಡದೆ ಹೋಗಬಹುದು.

ತಾಸೆ_ಡೋಲು

ಎಲ್ಲರೂ ನೆಲದಲ್ಲೇ ಇದ್ದೀರಿ, ನಿಂತು ಕುಣಿಯುವುದು ಯಾವಾಗ? 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನ ಬ್ರೇಕ್ ಭಾಗವನ್ನೇ (ಹಾಡು ನಿಂತು ಬರೀ ತಾಳ ಕೇಳುವ ತುಣುಕು) ಎರಡು ಟರ್ನ್‌ಟೇಬಲ್‌ನಲ್ಲಿ ಮತ್ತೆ ಮತ್ತೆ ಎಳೆದು ಬಾರಿಸಿದ, ಹುಡುಗರು ಕುಣಿದದ್ದು ಆ ಬ್ರೇಕಿಗೆ. ಕಸರತ್ತು ಆಮೇಲೆ ಬೆಳೆದದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಅಂಕ ಕೊಟ್ಟದ್ದು ಐದು ವಿಷಯಕ್ಕೆ, ಅದರಲ್ಲಿ ಸಂಗೀತಕ್ಕೆ ಹೊಂದಿಕೊಳ್ಳುವುದು ಒಂದು, ಸ್ವಂತಿಕೆ ಇನ್ನೊಂದು.

ಹಾಗಾಗಿ ನಿಮ್ಮ 45 ನಿಮಿಷದಲ್ಲಿ ಹತ್ತನ್ನು ಟಾಪ್‌ರಾಕ್‌ಗೆ, ಅಂದರೆ ನಿಂತು ಹಾಕುವ ಹೆಜ್ಜೆಗಳಿಗೆ ಕೊಡಿ. ಬಲಗಾಲು ಎಡಗಾಲಿನ ಮುಂದೆ ಅಡ್ಡ, ವಾಪಸ್, ಎಡಗಾಲು ಬಲಗಾಲಿನ ಮುಂದೆ ಅಡ್ಡ, ವಾಪಸ್. ಕಾಲು ಅಡ್ಡ ಬರುವಾಗ ಎದೆ ಮತ್ತು ಕೈ ತೆರೆಯಲಿ, ವಾಪಸ್ ಬರುವಾಗ ಮುಚ್ಚಲಿ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಪೆಟ್ಟು) ಶುರು ಮಾಡಿ 110ರ ಸುತ್ತಮುತ್ತ ಬನ್ನಿ. ನಾಲ್ಕರ ಎಣಿಕೆಯ ಎರಡು ಮತ್ತು ನಾಲ್ಕರಲ್ಲಿ ಬೀಳುವ ಸ್ನೇರ್ ಡ್ರಮ್ಮಿನ ಪೆಟ್ಟು ಕಿವಿಗೆ ಸಿಗದಿದ್ದರೆ ಮೊದಲು ಬರೀ ಚಪ್ಪಾಳೆ ತಟ್ಟಿ.

ಹುಲಿವೇಷದಲ್ಲಿ ಲಾಗ ಹಾಕಿ ಪಳಗಿದ ಹುಡುಗರಿಗೆ ವಿಂಡ್‌ಮಿಲ್‌ನಂಥ ಪವರ್ ಮೂವ್ ಬೇಗ ಒಲಿಯುತ್ತದೆ, ಧೈರ್ಯ ಮೊದಲೇ ಉಂಟಲ್ಲ. ಟಾಪ್‌ರಾಕ್‌ನಲ್ಲಿ ಮಾತ್ರ ಹುಲಿವೇಷದ ತಾಸೆ ವಾದ್ಯಕ್ಕೆ ಕುಣಿದ ಅಭ್ಯಾಸ ಬಿಡುವುದಿಲ್ಲ, ಪ್ರತಿ ಪೆಟ್ಟಿಗೂ ಒಂದೇ ತೂಕದ ಹೆಜ್ಜೆ.

ಭುಜ_ಬೆನ್ನು_ಭುಜ

ಟಾಪ್‌ರಾಕ್ ಬೇಕು, ಸರಿ. ಆದರೆ ಕೇಳಿದ್ದು ವಿಂಡ್‌ಮಿಲ್ ಬಗ್ಗೆ ಮಾರಾಯ್ರೆ, ಅದಕ್ಕೂ ಯಾರಾದರೂ ಉತ್ತರ ಕೊಡಬೇಕಲ್ಲ.

ನೇರ ಹೋಗಬೇಡಿ, ನಡುವೆ ಬೇಬಿ ಫ್ರೀಝ್ ಎಂಬ ಅಲುಗಾಡದೆ ನಿಲ್ಲುವ ಭಂಗಿ ಉಂಟು. ಬಲ ಮೊಣಕೈಯನ್ನು ಸೊಂಟದ ಮೂಳೆಯ ಒಳಬದಿಗೆ ಚುಚ್ಚಿ ಇಡಿ, ಪಕ್ಕೆಲುಬಿಗೆ ಅಲ್ಲ. ಆ ಕೈಯ ಬೆರಳು ಹೊರಗೆ ತಿರುಗಿರಲಿ. ಎಡಗೈ ಮುಂದೆ, ತಲೆಯ ಬದಿ ನೆಲಕ್ಕೆ, ಮೂರೂ ಸೇರಿ ತ್ರಿಕೋನ. ಎಡ ಮೊಣಕಾಲನ್ನು ಎಡ ಮೊಣಕೈ ಮೇಲೆ ಕೂರಿಸಿ. ತಲೆ ಕೈಗಳಿಗೆ ತೀರಾ ಹತ್ತಿರ ಬಂದರೆ ತ್ರಿಕೋನ ಕಿರಿದಾಗಿ ಮಗುಚಿ ಬೀಳ್ತೀರಿ. ಎರಡೂ ಬದಿಯಲ್ಲಿ ಹತ್ತು ಸೆಕೆಂಡ್ ನಿಂತ ಮೇಲೆ ಮುಂದಿನ ಮಾತು.

ವಿಂಡ್‌ಮಿಲ್ ಅಂದರೆ ಆ ಚುಚ್ಚಿದ ಕೈ ಅಡಿಯಿಂದ ಸರಿದು, ಅದೇ ಬದಿಯ ಭುಜಕ್ಕೆ ಉರುಳಿ, ಬೆನ್ನಿನ ಮೇಲ್ಭಾಗ ದಾಟಿ, ಇನ್ನೊಂದು ಭುಜದಿಂದ ಪುನಃ ಚುಚ್ಚಿದ ಭಂಗಿಗೆ ಬರುವುದು. ಕುತ್ತಿಗೆಯ ಮೇಲೆ ಉರುಳುವುದಲ್ಲ. ಬೆನ್ನಿನ ಮೇಲೆ ಸಿಕ್ಕಿಬೀಳಲು ಕಾರಣ ಯಾವಾಗಲೂ ಕಾಲು: ಭಯಕ್ಕೆ ಮೊಣಕಾಲು ಮಡಚಿ ಹತ್ತಿರ ತರ್ತೀರಿ, ಸೊಂಟ ನೆಲಕ್ಕೆ ಇಳೀತದೆ, ವೇಗ ಅಲ್ಲಿಗೆ ಮುಗೀತು. ಕಾಲು ಕಡೇವರೆಗೆ ಅಗಲ, ಸೊಂಟ ಎತ್ತರ. ಮೊದಲು ಒಂದೇ ಸುತ್ತು ಹಾಕಿ ಬೇಬಿ ಫ್ರೀಝ್‌ನಲ್ಲಿ ನಿಲ್ಲಿಸಿ, ನಿಲ್ಲಿಸಲು ಬಂದರೆ ಎರಡನೆಯದು ತಾನಾಗಿ ಬರ್ತದೆ. ಉದ್ದ ತೋಳಿನ ನುಣುಪು ಬಟ್ಟೆ ಹಾಕಿ, ಬೆವರಿದ ಬರಿ ಚರ್ಮ ವಿನೈಲಿಗೆ ಅಂಟ್ತದೆ. ತಲೆಯ ಮೇಲೆ ತಿರುಗುವ ಹೆಡ್‌ಸ್ಪಿನ್ ಆಸೆ ಸದ್ಯಕ್ಕೆ ಬದಿಗಿಡಿ.

ಬಿಜೈ_ಬೀಟ್

ಮೂರನೇ ಹೆಜ್ಜೆಯಲ್ಲಿ ಕೈ ಎತ್ತಿ ನೋಡಿದೆ, ಹಿಂದಕ್ಕೆ ಬಿದ್ದೆ. ಸಿಕ್ಕಿತು ತಪ್ಪು. ಪ್ಲೈವುಡ್ ಯಾವುದು? ಶೂ?

ಕಡಲಬದಿ

ಬಿಡಬ್ಲ್ಯೂಪಿ (ಕುದಿನೀರಿಗೂ ತಡೆಯುವ) ದರ್ಜೆ ಕೇಳಿ, ಹಾಳೆ ಮೇಲೆ ಐಎಸ್ 710 ಅಂತ ಅಚ್ಚು ಇರ್ತದೆ. ಸಾದಾ ಕಮರ್ಷಿಯಲ್ ಪ್ಲೈ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಉಬ್ಬಿ ಪದರ ಬಿಡ್ತದೆ. ಅಭ್ಯಾಸ ಮುಗಿದ ಮೇಲೆ ಹಾಳೆಗಳನ್ನು ನಿಲ್ಲಿಸಿಡಿ, ಗೋಡೆಗೆ ತಾಗಿಸದೆ, ಇಲ್ಲದಿದ್ದರೆ ಹಿಂಬದಿಗೆ ಬೂಸ್ಟು ಹಿಡೀತದೆ. ಶೂ ಚಪ್ಪಟೆ ಅಡಿಯದ್ದು, ಹಗುರದ್ದು. ಓಡುವ ಶೂ ಬೇಡ, ಅದರ ದಪ್ಪ ಹಿಮ್ಮಡಿ ನಾಲ್ಕನೇ ಹೆಜ್ಜೆಯಲ್ಲಿ ನೆಲಕ್ಕೆ ತಡೀತದೆ.