ಜಪಾನಿನ "ಕರೇ"ಗೆ ಕನ್ನಡದಲ್ಲಿ ಏನಂತ ಬರೀಲಿ? (ಅರ್ಜೆಂಟ್, ನಾಳೆ ಬೆಳಿಗ್ಗೆ ಪ್ರಿಂಟ್)

ಎಲ್ರಿಗೂ ನಮಸ್ಕಾರ. ಒಸಾಕಾದಲ್ಲಿ ಒಂದು ಪುಟ್ಟ ಕರೇ (ಇಂಗ್ಲಿಷಿನ curry) ಹೋಟ್ಲು, ಎಂಟೇ ಸೀಟು, ಓನರ್ರೇ ಅಡುಗೆ ಮಾಡಿ ಅವ್ರೇ ಬಡಿಸ್ತಾರೆ. ನಾವು ಮಾತಾಡೋದು ಕೇಳಿಸ್ಕೊಂಡು ನಿಮ್ಮ ಭಾಷೇಲೂ ಮೆನು ಬರ್ಕೊಡಿ ಅಂದ್ರು, ಹೂಂ ಅಂದ್ಬಿಟ್ಟೆ, ಈಗ ಒದ್ದಾಡ್ತಿದೀನಿ. ತಟ್ಟೆ ಮಧ್ಯ ಅನ್ನ, ಒಂದು ಪಕ್ಕ ಮೈದಾ ಹಿಟ್ಟನ್ನ ಬೆಣ್ಣೇಲಿ ಹುರಿದು ಗಟ್ಟಿ ಮಾಡಿದ ಜಪಾನಿ ಕರೇ, ಇನ್ನೊಂದು ಪಕ್ಕ ಜೀರಿಗೆ ಸಾಸಿವೆ ಸಿಡಿಸಿದ ತೆಳ್ಳಗಿನದು, ಆದ್ರೆ ಅದಕ್ಕೂ ಒಣಮೀನು, ಕಡಲಪಾಚಿಯಿಂದ ಇಳಿಸಿದ ದಾಶಿ ಹಾಕಿರ್ತಾರೆ. ಬಾಯಿಗೆ ಮೊದ್ಲು ನಮ್ಮನೆ ರುಚಿ, ನುಂಗೋ ಹೊತ್ತಿಗೆ ಬೇರೆ ಊರು. ಹೀಗೆ ಎರಡು ಥರದ್ದನ್ನ ಒಂದೇ ತಟ್ಟೇಲಿ ಹಾಕೋದಕ್ಕೆ "ಐಗಕೆ" ಅಂತಾರೆ. ನಾನು "ಕರಿ" ಅಂತ ಬರೆದ್ರೆ ಕಪ್ಪೂ ಆಗತ್ತೆ, ಆನೇನೂ ಆಗತ್ತೆ, ಎಣ್ಣೇಲಿ ಕರಿಯೋದೂ ಆಗತ್ತೆ. ಜೊತೆಗೆ ಕೊಡೋ ಫುಕುಜಿನ್‌ಜುಕೆಗೂ ಒಂದು ಪದ ಬೇಕು, ಸೋಯಾ ಸಕ್ಕರೇಲಿ ನೆನೆಸಿದ ತರಕಾರಿ ಚೂರು, ಖಾರ ಇಲ್ಲ ಎಣ್ಣೆ ಇಲ್ಲ.

---

ಪದ ಇದೆ. ಮೇಲೋಗರ. ಓಗರ ಅಂದರೆ ಅನ್ನ, ಅದರ ಮೇಲೆ ಬಡಿಸೋದು ಮೇಲೋಗರ. ಹಳೆಗನ್ನಡದಿಂದ ಬಂದಿದೆ, ಸಾಲ ಮಾಡೋ ಅಗತ್ಯ ಇಲ್ಲ. ಚರ್ಚೆ ಮುಗೀತು.

---

> ಚರ್ಚೆ ಮುಗೀತು

ಎಲ್ಲಿ ಮುಗೀತು ಸ್ವಾಮಿ? ಸಾಲ ಅಂದವರ್ಯಾರು, ತಮಿಳು ಮಲಯಾಳದಲ್ಲಿ ಇದು ಕಱಿ, ಶಕಟರೇಫ ಅಂದ್ರೆ ಹಳೆಗನ್ನಡದ ಱ ಅಕ್ಷರ, ಕಪ್ಪು ಅನ್ನೋ ಕರಿ ಬೇರೆ, ಅದು ಮಾಮೂಲಿ ರೇಫ, ಅಂದ್ರೆ ರ, ನಾವು ಱ ಕೈಬಿಟ್ವಿ, ಅದಕ್ಕೇ ಎರಡೂ ಒಂದೇ ಥರ ಕಾಣತ್ತೆ. ಇಲ್ಲಿಂದ ಇಂಗ್ಲಿಷರು ಎತ್ಕೊಂಡು ಹೋದ್ರು, ಮೆಯ್ಜಿ ಚಕ್ರವರ್ತಿ ಕಾಲದಲ್ಲಿ ಅವರ ಕೈಯಿಂದ ಜಪಾನಿಗೆ ಹೋಯ್ತು, 1872ರ ಜಪಾನಿ ಅಡುಗೆ ಪುಸ್ತಕದಲ್ಲೇ ಸಿಗತ್ತೆ. ಮನೆಮಗಳು ಊರೆಲ್ಲ ಸುತ್ತಿ ತವರಿಗೆ ಬಂದ್ರೆ ಯಾರಮ್ಮ ನೀನು ಅಂತ ಕೇಳ್ತೀರಾ? ಕಱಿ ಅಂತ ಬರೀರಿ. ಕರಿಬೇವಿನ ಕರಿಯೂ ಇದೇ ಅಂತ ನನ್ನ ವಾದ, ಕಪ್ಪು ಬೇವು ಅನ್ನೋರು ಒಂದ್ಸಲ ಆ ಎಲೆ ಬಣ್ಣ ನೋಡ್ಲಿ.

---

ಅಲ್ರೀ ಸರ, ಫಾಂಟ್‌ನ್ಯಾಗ ಱ ಬರತೈತೇನು ಮೊದ್ಲ ನೋಡ್ರಿ. ಬಂದ್ರೂ ಓದಾಂವ ಯಾಂವ? ಜಪಾನದವ್ರಾಗ ಎರಡು ಸ್ಪೆಲ್ಲಿಂಗ್ ಅದಾವ. ಮಾಮೂಲಿ ಹಿಟ್ಟಿನದಕ್ಕ "ಕರೇ" ಅಂತಾರ. ಟೋಕಿಯೋದ ಶಿಂಜುಕುದಾಗ ನಕಮುರಾಯಾ ಅನ್ನೋ ಬೇಕರಿ ಐತೆಲ್ಲ, 1915ರಾಗ ಬ್ರಿಟಿಷರಿಂದ ತಪ್ಪಿಸ್ಕೊಂಡು ಹೋದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರನ್ನ ಬಚ್ಚಿಟ್ಟು ಮಗಳನ್ನೂ ಕೊಟ್ಟ ಮನಿ, ಅಲ್ಲಿ 1927ರಾಗ ಬೋಸರ ಕೈರುಚಿದು ಶುರು ಆತು, ಅದಕ್ಕ ಅವ್ರು ಇವತ್ತಿಗೂ "ಕರೀ" ಅಂತ ಬರೀತಾರ. ನೀವೂ ಗಟ್ಟಿದಕ್ಕ ಕರೇ, ತೆಳ್ಳಂದಕ್ಕ ಕರೀ ಅನ್ರಿ, ಮುಗೀತು. ಮೇಲೋಗರ ಅಂದ್ರ ಪಲ್ಯನೂ ಆತು, ಹುಳಿನೂ ಆತು, ಏನ್ ತಿಳೀಬೇಕು? ಕಟ್ಲೆಟ್ಟನ್ನ ಕತ್ಸುರೆತ್ಸು ಮಾಡಿ ಬಾಲ ಕತ್ತರಿಸಿ ಕತ್ಸು ಅಂದ್ರು, ಬೆಣ್ಯಾಗ ಹುರಿದ ಹಿಟ್ಟಿಗೆ ರೂ ಅನ್ನೋದನ್ನ ಫ್ರೆಂಚಿಂದ ತಂದ್ರು, ಅವ್ರಿಗೇನೂ ಮೈಲಿಗಿ ಆಗಿಲ್ಲ.

---

ಅವರಿಗೆ ಎರವಲು ಪದ ಬರೆಯೋಕೆ ಕತಕಾನ ಅಂತ ಬೇರೆ ಲಿಪಿನೇ ಇದೆ. ನೆಂಟರು ಜಗಲಿ ಮೇಲೇ ಇರ್ತಾರೆ, ನೋಡಿದ ಕೂಡಲೇ ಗೊತ್ತಾಗತ್ತೆ. ನಮಗೆ ಆ ಜಗಲಿ ಇಲ್ಲ, ಒಳಗೆ ಬಿಟ್ಟರೆ ಅಡುಗೆಮನೆಗೇ ಬರ್ತಾರೆ. ಸ್ವರ ಒಂದರಿಂದ ಎರಡು ಅಡುಗೆ ಬೇರೆ ಮಾಡೋದು ಕನ್ನಡದ ಜಾಯಮಾನವೇ ಅಲ್ಲ.

---

> ಕನ್ನಡದ ಜಾಯಮಾನ

"ಜಾಯಮಾನ" ಯಾವ ಭಾಷೆದು ಸ್ವಾಮಿ?

---

ಸರ್, ಮೇಡಂ, ದಯವಿಟ್ಟು. ಕರೇ, ಕರೀ ಅಂತಲೇ ಹಾಕಿದೀನಿ, ಐಗಕೆಗೆ "ಜೋಡಿ ಕರೇ ಅನ್ನ". ಫುಕುಜಿನ್‌ಜುಕೆ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ಲ. ಏಳು ಅದೃಷ್ಟದೇವತೆಗಳ ಹೆಸರಲ್ಲಿರೋದು, ಅವರಲ್ಲಿ ಬೆನ್‌ಜೈತೆನ್ ಅಂದ್ರೆ ನಮ್ಮ ಸರಸ್ವತಿನೇ. ಉಪ್ಪಿನಕಾಯಿ ಅಂತ ಬರೆದ್ರೆ ಖಾರ ಹುಡುಕೋರು ಬೈಕೊಳ್ತಾರೆ. ರಾತ್ರಿಯೊಳಗೆ ಹೇಳಿ.

---

ನಂಜಿಕೊಳ್ಳೋದು. ಚಿಕ್ಕದಾಗಿ ಬೇಕಿದ್ದರೆ "ನಂಜು" ಅಂತ ಹಾಕಿ.

---

ಮೆನು ಮೇಲೆ ನಂಜು ಅಂತ ಬರೆಸಿ ಆ ಓನರ್ ಹೋಟ್ಲು ಮುಚ್ಚಿಸ್ತೀರಾ?